‘ಇವತ್ತಿಲ್ಲ, ಮುಂದಿನ ವಾರ ಬಾ’

ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಆಪರೇಷನ್ನಿನ ಪಟ್ಟಿ ಹಿಂದಿನ ದಿನವೇ ತಯಾರಾಗುತ್ತದೆ. ಯಾರಿಗೆ ಯಾವ ಆಪರೇಷನ್, ಎಷ್ಟನೆಯ ಸರದಿ, ಎಲ್ಲ ಅದರಲ್ಲಿರುತ್ತದೆ. ಮಾರನೆಯ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ತಳದ ಹೆಸರುಗಳ ಮೇಲೆ ಗೀಟು ಬಿದ್ದಿರುತ್ತದೆ. ಗೀಟು ಎಳೆದವರು ಯಾರು, ಯಾಕೆ ಎಳೆದರು? ಆ ಹೆಸರಿನವರಿಗೆ ಉತ್ತರವಿಲ್ಲ. ‘ಇವತ್ತಿಲ್ಲ, ಮುಂದಿನ ವಾರ ಬಾ’ ಎಂಬ ಒಂದು ಮಾತು ಸಿಗುತ್ತದೆ. ಇದನ್ನು ಅನಾನುಕೂಲ ಎಂದು ಕರೆಯುವವರಿದ್ದಾರೆ. ನಾನು ವಸೂಲಿ ಎಂದು ಕರೆಯುತ್ತೇನೆ. ಸರ್ಕಾರ ಉಳಿಸಿಕೊಂಡ ಬಾಕಿಯನ್ನು ಬಡವರ ಹಸಿದ ಹೊಟ್ಟೆಯಿಂದ, ಹೋದ ಕೂಲಿಯಿಂದ, ದಿನಾ ಬೆಳೆಯುವ ನೋವಿನಿಂದ ವಸೂಲು ಮಾಡುವ ಪದ್ಧತಿ ಇದು.

ಮುಂದಿನ ವಾರವೇ ಯಾಕೆ? ಈ ಆಸ್ಪತ್ರೆಗಳಲ್ಲಿ ಸರ್ಜರಿ ವಿಭಾಗವನ್ನು ಯೂನಿಟ್ಟುಗಳಾಗಿ ಹಂಚಿರುತ್ತಾರೆ. ಒಂದೊಂದು ಯೂನಿಟ್ಟಿಗೂ ವಾರದಲ್ಲಿ ಗೊತ್ತಾದ ಆಪರೇಷನ್ ದಿನ. ಆ ದಿನ ತಪ್ಪಿತೋ, ಅದು ತಿರುಗಿ ಬರುವ ತನಕ ಕಾಯಬೇಕು. ಕಾಯುವುದೆಂದರೆ ಬೆಂಚಿನ ಮೇಲೆ ಕೂರುವುದಷ್ಟೇ ಅಲ್ಲ. ಅರಿವಳಿಕೆ ಕೊಡುವ ಮುಂಚೆ ಲಘು ಊಟಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ ಬಿಡುವಿದ್ದರೆ ಸಾಕು ಎನ್ನುತ್ತದೆ ವೈದ್ಯಶಾಸ್ತ್ರ. ವಾರ್ಡಿನಲ್ಲಿ ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲದ್ದರಿಂದ ರಾತ್ರಿಯಿಂದಲೇ ಎಲ್ಲರ ಬಾಯಿ ಕಟ್ಟುತ್ತಾರೆ. ಪಟ್ಟಿಯ ಕೊನೆಯವನು ರಾತ್ರಿ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, 17 ಗಂಟೆ, ಗಂಟಲು ಒಣಗಿಸಿಕೊಂಡು ಕೂತು, ಆಮೇಲೆ ತೊಡಿಸಿದ ಅಂಗಿ ಬಿಚ್ಚಿ ಕೊಟ್ಟು ಬರುತ್ತಾನೆ.

ನಮ್ಮವ್ವನಿಗೆ ಗರ್ಭಕೋಶ ಜಾರಿತ್ತು. ಹೆತ್ತು ತಿಂಗಳಾಗುವ ಮುಂಚೆಯೇ ಹೊರೆ ಹೊತ್ತ ಹೆಂಗಸರನ್ನು ಹೆಚ್ಚಾಗಿ ಹಿಡಿಯುವ ಕಾಯಿಲೆ. ಮೊದಲನೆ ಸಲ ‘ರಕ್ತ ಕಮ್ಮಿ ಐತೆ’ ಅಂದರು. ರಕ್ತ ಪರೀಕ್ಷೆಯ ಚೀಟಿ ತಿಂಗಳಿಂದ ಅವರ ಫೈಲಿನಲ್ಲೇ ಇತ್ತು. ಎರಡನೆ ಸಲ ‘ಟೈಮಾಯ್ತು’ ಅಂದರು. ಮೂರನೆ ಸಲ ತುರ್ತು ಹೆರಿಗೆ ಕೇಸು ಬಂತು. ‘ಪಾಪ, ಆ ತಾಯಿ ಬದುಕ್ಲಿ ಕಣಪ್ಪ’ ಅಂದಳು ನಮ್ಮವ್ವ. ಅವಳ ದೊಡ್ಡತನಕ್ಕೆ ಕೈ ಮುಗಿಯುತ್ತೇನೆ. ಆದರೆ ಇಬ್ಬರು ಬಡ ಹೆಂಗಸರಿಗೆ ಒಂದೇ ಟೇಬಲ್ಲು ಕೊಟ್ಟು, ಒಬ್ಬಳ ಸಹನೆಯಿಂದ ಇನ್ನೊಬ್ಬಳನ್ನು ಉಳಿಸಿದೆ ಎಂದು ಬೀಗುವ ವ್ಯವಸ್ಥೆಗೆ ಕೈ ಮುಗಿಯಲಾರೆ. ಮೂರು ಸಲವೂ ಅವಳಿಗೆ ಸಿಕ್ಕಿದ್ದು ‘ಬಾ’. ‘ಬನ್ನಿ’ ಅಲ್ಲ.

ತುರ್ತು ಕೇಸು ಬಂದರೆ ಮೊದಲು ಅದನ್ನೇ ಮಾಡಬೇಕು. ಬಿಪಿ, ಸಕ್ಕರೆ ಹತೋಟಿಗೆ ಬಾರದವರನ್ನು ಟೇಬಲ್ಲಿಗೆ ಹಾಕಬಾರದು. ಇದಕ್ಕೆ ನಮ್ಮ ತಕರಾರಿಲ್ಲ. ಉಳಿದ ಕಾರಣಗಳನ್ನು ನೋಡಿ. ಅರಿವಳಿಕೆ ಡಾಕ್ಟರಿಲ್ಲ. ರಕ್ತ ಹೊಂದಿಸಿಲ್ಲ. ಆಟೋಕ್ಲೇವ್ ಕೆಟ್ಟಿದೆ. ಐಸಿಯುನಲ್ಲಿ ಹಾಸಿಗೆಯಿಲ್ಲ. ಬೆಳಗಿನ ಮೊದಲ ಕೇಸೇ ತಡವಾಗಿ ಶುರುವಾಯಿತು. ಆರು ಕೇಸು ಹಿಡಿಸುವ ದಿನಕ್ಕೆ ಹತ್ತು ಹೆಸರು ಬರೆದರು. ನಮ್ಮ ದೇಶದ ಬೋಧನಾ ಆಸ್ಪತ್ರೆಗಳ ವೈದ್ಯರೇ ಇವನ್ನೆಲ್ಲ ಎಣಿಸಿ ತಮ್ಮ ವೈದ್ಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಅಲ್ಲಿ ಮತ್ತೆ ಮತ್ತೆ ಎದ್ದು ಕಾಣುವ ಕಾರಣ ‘ಥಿಯೇಟರಿನ ಹೊತ್ತು ಸಾಲಲಿಲ್ಲ’ ಎಂಬುದು. ಹೊತ್ತು ಆಕಾಶದಿಂದ ಉದುರುವುದಿಲ್ಲ. ಇನ್ನೊಂದು ಟೇಬಲ್ಲು, ಇನ್ನೊಬ್ಬ ಅರಿವಳಿಕೆ ಡಾಕ್ಟರು, ಇನ್ನಿಬ್ಬರು ನರ್ಸುಗಳು ಬಂದರೆ ಹೊತ್ತು ತಾನೇ ಹುಟ್ಟುತ್ತದೆ. ನಿದ್ದೆಗೆಟ್ಟು ನಿಂತ ಪಿಜಿ ಹುಡುಗ ನಮ್ಮ ವೈರಿಯಲ್ಲ. ಅವನ ಬಾಯಿಂದ ‘ಇವತ್ತಿಲ್ಲ’ ಅನ್ನಿಸುವವರು ವಿಧಾನಸೌಧದಲ್ಲಿ ಕೂತಿದ್ದಾರೆ.

ಈಗ ಲೆಕ್ಕ ಹಾಕೋಣ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ರೋಗಿ ಒಬ್ಬಳು, ಜೊತೆಗೆ ಒಬ್ಬ. ಇಬ್ಬರಿಗೂ ವಾರದಲ್ಲಿ ಆರು ದಿನದ ಕೂಲಿ ಹೋದರೆ 4,188 ರೂಪಾಯಿ. ಒಂದು ಗೀಟಿನ ಬೆಲೆ ಇದು. ಹೋಟೆಲಿನ ಅನ್ನ, ಸಾಲದ ಬಡ್ಡಿ ಬೇರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎನ್ನುತ್ತದೆ. ಮಾಡಿದ ಆಪರೇಷನ್ನಿಗೆ ಅದರಲ್ಲಿ ದುಡ್ಡುಂಟು. ಮಾಡದೆ ಕಳಿಸಿದ್ದಕ್ಕೆ ಹೋದ ಕೂಲಿಯನ್ನು ಯಾರೂ ಕಟ್ಟಿಕೊಡುವುದಿಲ್ಲ. ಇದೇ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಬಂತು. ಜಾತಿ ಸರ್ಟಿಫಿಕೇಟು ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದಿತು. ಜಾತಿಯ ಚೀಟಿಗೆ ಇರುವ ಗಡುವು, ಆ ಜಾತಿಯ ಹೊರೆ ಹೊತ್ತ ಮೈಗೆ ಇಲ್ಲ!

ಇನ್ನೊಂದು ಮಾತು. ಮೆಡಿಕಲ್ ಕಾಲೇಜಿಗೆ ಮಾನ್ಯತೆ ಸಿಗಬೇಕಾದರೆ ಅದರ ಆಸ್ಪತ್ರೆಯಲ್ಲಿ ಇಷ್ಟು ಹಾಸಿಗೆ ಇರಬೇಕು, ಅವುಗಳಲ್ಲಿ ಇಷ್ಟು ಪಾಲು ತುಂಬಿರಬೇಕು ಎಂಬ ನಿಯಮವಿದೆ. ಆ ಹಾಸಿಗೆ ತುಂಬುವವರು ಯಾರು? ಕೇರಿಯವರು, ಹಟ್ಟಿಯವರು, ಕೊಳೆಗೇರಿಯವರು. ಹತ್ತು ಜನ ವಿದ್ಯಾರ್ಥಿಗಳು ಸುತ್ತ ನಿಂತು ಒಬ್ಬರಾದ ಮೇಲೆ ಒಬ್ಬರು ಹೊಟ್ಟೆ ಒತ್ತಿ ನೋಡಿ ಕಲಿಯುವುದು ಯಾರ ಮೈಯಿಂದ? ನಮ್ಮ ಮೈ ಅವರ ಪಠ್ಯಪುಸ್ತಕ. ಓದಿ ಮುಗಿದ ಮೇಲೆ ಪುಸ್ತಕವನ್ನು ‘ಮುಂದಿನ ವಾರ ಬಾ’ ಎಂದು ಹೊರಗಿಡುತ್ತಾರೆ. ಇದು ದಾನವಲ್ಲ ಸ್ವಾಮಿ. ನೀವು ಕಲಿತ ವಿದ್ಯೆಯ ಬೆಲೆಯನ್ನು ನಾವು ಮುಂಗಡವಾಗಿಯೇ ಕಟ್ಟಿದ್ದೇವೆ.

ಹಳ್ಳಿ ಮೇಷ್ಟ್ರುಗಳು ನೆನಪಿಡಬೇಕಾದ ಒಂದು ಸಂಗತಿ. 1929ರಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಹೆಂಡತಿ ಬಾಣಂತಿಯಾಗಿ ಕಾಯಿಲೆ ಬಿದ್ದರು. ಡಾಕ್ಟರು ಕೇರಿಯೊಳಕ್ಕೆ ಬರಲೊಪ್ಪಲಿಲ್ಲ. ಎರಡು ರೂಪಾಯಿ ಫೀಜು ತೆಗೆದುಕೊಂಡು ಕೇರಿಯ ಹೊರಗೆ ನಿಂತ. ಥರ್ಮಾಮೀಟರನ್ನೂ ಒಬ್ಬ ಮುಸ್ಲಿಮನ ಕೈಯಿಂದ ಕೊಡಿಸಿದ. ಆ ತಾಯಿ ಸತ್ತರು. ಮೇಷ್ಟ್ರು ಬರೆದ ಪತ್ರ ಅದೇ ವರ್ಷ ಗಾಂಧಿಯವರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾಯಿತು. ಬಾಬಾಸಾಹೇಬರು ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅದನ್ನು ದಾಖಲಿಸಿದರು. ಆ ಡಾಕ್ಟರು ‘ಮುಟ್ಟಲ್ಲ’ ಅಂದ. ಇವತ್ತಿನ ವ್ಯವಸ್ಥೆ ‘ಮುಟ್ಟಲ್ಲ’ ಅನ್ನುವುದಿಲ್ಲ, ‘ಇವತ್ತಲ್ಲ’ ಅನ್ನುತ್ತದೆ. ಯಾರನ್ನು ಎಷ್ಟು ದಿನ ಕಾಯಿಸಿದರೂ ನಡೆಯುತ್ತದೆ ಎಂಬ ಧೈರ್ಯ ಮಾತ್ರ ಅಂದಿನದೇ.

ದುಡ್ಡಿಲ್ಲ ಎನ್ನುವವರಿಗೆ ಸುಪ್ರೀಂ ಕೋರ್ಟು 1996ರಲ್ಲೇ ಉತ್ತರ ಕೊಟ್ಟಿದೆ. ರೈಲಿನಿಂದ ಬಿದ್ದು ತಲೆ ಒಡೆದ ಕೂಲಿಕಾರ ಹಕೀಂ ಶೇಖ್‌ನನ್ನು 1992ರಲ್ಲಿ ಕಲ್ಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆಯಿಲ್ಲ ಎಂದು ಹೊರಗಟ್ಟಿದವು. ಅವನ ಪರ ನ್ಯಾಯಾಲಯಕ್ಕೆ ಹೋದದ್ದು ಅವನು ಸೇರಿದ್ದ ಖೇತ್ ಮಜ್ದೂರ್ ಸಮಿತಿ. ಅದು ತುರ್ತು ಚಿಕಿತ್ಸೆಯ ಪ್ರಶ್ನೆ, ನಿಜ. ಆದರೆ ಹಣದ ಕೊರತೆ ಹೇಳಿ ಸರ್ಕಾರ ಜೀವ ಉಳಿಸುವ ಹೊಣೆಯಿಂದ ಜಾರುವಂತಿಲ್ಲ ಎಂದ ಕೋರ್ಟಿನ ಮಾತು ಅಲ್ಲಿಗೇ ನಿಲ್ಲುವಂಥದ್ದಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಆಪರೇಷನ್ ಮುಂದೆ ಹಾಕಿದರೆ ಕಾರಣವನ್ನು ಕನ್ನಡದಲ್ಲಿ ಬರೆದು ರೋಗಿಯ ಕೈಗೆ ಕೊಡಲಿ. ಒಮ್ಮೆ ಮುಂದೆ ಹೋದವರ ಹೆಸರು ಮುಂದಿನ ಪಟ್ಟಿಯಲ್ಲಿ ಮೊದಲು ಬರಲಿ. ಆಸ್ಪತ್ರೆಯ ತಪ್ಪಿಗೆ ಹೋದ ಕೂಲಿಯನ್ನು ಸರ್ಕಾರ ಕಟ್ಟಿಕೊಡಲಿ. ತಿಂಗಳಿಗೆ ಎಷ್ಟು ಬರೆದರು, ಎಷ್ಟು ಮಾಡಿದರು, ಎಷ್ಟು ಬಿಟ್ಟರು ಎಂಬುದು ಆಸ್ಪತ್ರೆಯ ಗೋಡೆ ಮೇಲೆ ಬರಲಿ.

ಸಂಗಾತಿಗಳೇ, ಅವರು ಬರೆಯುವ ತನಕ ನಾವೇ ಬರೆಸೋಣ. 2005ರ ಮಾಹಿತಿ ಹಕ್ಕು ಕಾಯ್ದೆ ನಮ್ಮ ಕೈಯಲ್ಲಿದೆ. ಬಿಪಿಎಲ್ ಕಾರ್ಡಿನವರಿಗೆ ಅರ್ಜಿಯ ಫೀಜೂ ಇಲ್ಲ, 30 ದಿನದಲ್ಲಿ ಉತ್ತರ ಕೊಡಬೇಕು. ರೋಗಿಗಳ ಹೆಸರು ಬೇಡ, ಥಿಯೇಟರ್ ರಿಜಿಸ್ಟರಿನ ಸಂಖ್ಯೆಗಳು ಸಾಕು. ಹಾಸ್ಟೆಲಿನ ಹುಡುಗರು, ಹಳ್ಳಿ ಮೇಷ್ಟ್ರುಗಳು ಜಿಲ್ಲೆಗೊಂದರಂತೆ ಅರ್ಜಿ ಹಾಕಿ. ನಮ್ಮ ಅವ್ವಂದಿರು ಕೈ ಕಟ್ಟಿ ‘ಯಾವಾಗ ಬರ್ಲಿ ಸ್ವಾಮಿ’ ಎಂದು ಕೇಳಿದ್ದು ಸಾಕು. ಅವರ ಪಕ್ಕದಲ್ಲಿ ನಿಂತು ನಾವು ಕೇಳೋಣ: ‘ಯಾಕೆ ಇಲ್ಲ? ಬರೆದು ಕೊಡಿ.’