ವರದಿಗೂ ಮುಂಚೆ ತೀರ್ಪು

2024ರ ಜೂನ್ 20ರಂದು ಬಾರ್ಬಡೋಸ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಅಫ್ಘಾನಿಸ್ತಾನದ ಎದುರು ಆಡಲಿಳಿದ ಭಾರತದ ಹುಡುಗರ ತೋಳಿಗೆ ಕಪ್ಪು ಪಟ್ಟಿ ಇತ್ತು. ಟಿ20 ವಿಶ್ವಕಪ್ ನಡೆಯುತ್ತಿತ್ತು. ಆ ಪಟ್ಟಿ ನಮ್ಮ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಹುಟ್ಟಿದ, ಭಾರತದ ಮಾಜಿ ವೇಗಿ ಡೇವಿಡ್ ಜಾನ್ಸನ್ ಅವರಿಗಾಗಿ. ಅದೇ ದಿನ ಬೆಂಗಳೂರಿನ ಕೊತ್ತನೂರಿನಲ್ಲಿ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಿಂದ ಬಿದ್ದು ಅವರು ತೀರಿಕೊಂಡಿದ್ದರು. ವಯಸ್ಸು 52. ಮನೆ ಹತ್ತಿರವೇ ಕ್ರಿಕೆಟ್ ಅಕಾಡೆಮಿ ನಡೆಸಿಕೊಂಡಿದ್ದರು. ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸಿಕೊಂಡು ವಿಚಾರಣೆಗೆ ಇಳಿದರು. ಇತ್ತ ಅರಕಲಗೂಡಿನ ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯಲ್ಲಿ, ಸಂಜೆ ಆಗುವಷ್ಟರಲ್ಲಿ, ವಿಚಾರಣೆ ಮುಗಿದೇಹೋಗಿತ್ತು. ಒಬ್ಬರು ಸಾಲ ಅಂದರು, ಇನ್ನೊಬ್ಬರು ಕಾಯಿಲೆ ಅಂದರು, ಮೂರನೆಯವರು ಮನೆಯೊಳಗಿನ ಸಂಗತಿ ಅಂದರು. ಅವರಲ್ಲಿ ಒಬ್ಬರೂ ಜಾನ್ಸನ್ ಅವರನ್ನು ಕಣ್ಣಿನಿಂದ ಕಂಡವರಲ್ಲ. ಟಿವಿಯ ಅಡಿಬರಹ ಆ ಮೂವರಿಗಿಂತ ಮುಂದೆ ಹೋಗಿ ‘ಆತ್ಮಹತ್ಯೆ’ ಎಂದು ಬರೆದು ಪಕ್ಕಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು. ಆ ಚಿಹ್ನೆ ಹಾಕಿಬಿಟ್ಟರೆ ಪಾಪ ಕಳೆಯಿತು ಎಂದು ಯಾರು ಹೇಳಿಕೊಟ್ಟರೋ!

ನಾನು ಪೊಲೀಸ್ ಇಲಾಖೆಯಲ್ಲಿ ಸ್ಟೇಷನ್ ರೈಟರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಸರ್ವಿಸಿನ ಬಹುಪಾಲು ಹಾಸನ ಜಿಲ್ಲೆಯ ಠಾಣೆಗಳಲ್ಲೇ ಕಳೆಯಿತು. ಯು.ಡಿ.ಆರ್. ಅಂದರೆ ಅಸಹಜ ಸಾವಿನ ಪ್ರಕರಣ ಎಂದು ಈಗ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಆದರೆ ಅದು ತೀರ್ಪಲ್ಲ, ಶುರು ಮಾತ್ರ ಎಂಬುದು ಗೊತ್ತಿರುವವರು ಕಡಿಮೆ. ನೀರಲ್ಲಿ ಮುಳುಗಿದವರು, ಕರೆಂಟ್ ಹೊಡೆದು ಹೋದವರು, ಹಾವು ಕಚ್ಚಿದವರು, ಮಲಗಿದಲ್ಲೇ ಏಳದವರು, ಎಲ್ಲರ ಹೆಸರೂ ಮೊದಲು ಬೀಳುವುದು ಆ ಒಂದೇ ರಿಜಿಸ್ಟರಿನಲ್ಲಿ. ಆಗ ಸಿ.ಆರ್.ಪಿ.ಸಿ. 174 ಅನ್ನುತ್ತಿದ್ದೆವು. 2024ರ ಜುಲೈ 1ರಿಂದ ಹೊಸ ಸಂಹಿತೆಯ 194ನೇ ಕಲಂ ಆಗಿದೆ. ನಂಬರ್ ಬದಲಾದರೂ ಕೆಲಸ ಅದೇ: ಪಂಚರನ್ನು ಕರೆಸಬೇಕು, ಶವವನ್ನು ನೋಡಬೇಕು, ಕಂಡ ಗಾಯ, ಕಂಡ ಬಟ್ಟೆ, ಕಂಡ ವಸ್ತುವನ್ನು ಬರೆಯಬೇಕು. ಕಾಣದ್ದನ್ನು ಬರೆಯಕೂಡದು.

ಕಾಣದ್ದನ್ನು ಬರೆಸಲು ಬರುವವರ ಒತ್ತಡ ಎಷ್ಟಿರುತ್ತದೆ ಎಂಬುದು ಪಂಚನಾಮೆ ಬರೆದವನಿಗೇ ಗೊತ್ತು. ರಾಮನಾಥಪುರ ಕಡೆಯ ಒಂದು ಹಳ್ಳಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಪಕ್ಕದಲ್ಲಿ ಮಧ್ಯವಯಸ್ಸಿನ ರೈತನೊಬ್ಬ ಸತ್ತು ಬಿದ್ದಿದ್ದ. ಹತ್ತಿರದಲ್ಲಿ ಒಂದು ಖಾಲಿ ಕೀಟನಾಶಕದ ಬಾಟಲಿ. ಹೊಗೆಸೊಪ್ಪು ಬೆಳೆಯುವ ಯಾರ ಬ್ಯಾರನ್ ಬಳಿ ಹೋದರೂ ಅಂಥ ಬಾಟಲಿ ಸಿಗುತ್ತದೆ, ಆದರೆ ಅದನ್ನು ಕಂಡವರಿಗೆ ಬೇರೆ ಯೋಚನೆ ಬರುವುದಿಲ್ಲ. ನಾನು ಬೆಳಕಿಗೆ ತಿರುಗಿ, ಮೊಣಕಾಲ ಮೇಲೆ ಪ್ಯಾಡ್ ಇಟ್ಟುಕೊಂಡು ಬರೆಯುತ್ತಿದ್ದರೆ ಬೆನ್ನ ಹಿಂದೆ ನಿಂತವರು ಹೇಳುತ್ತಿದ್ದರು: “ಸಾರ್, ಔಷ್ದಿ ಕುಡ್ದವ್ನೆ, ಹಂಗೇ ಬರ್ಕಳಿ.” ಇನ್ನೊಬ್ಬ ಬಗ್ಗಿ ಕಿವಿಯಲ್ಲಿ, “ಅಣ್ಣನ್ ಜತೆ ಬದೀನ್ ಜಗ್ಳ ಇತ್ತು ಸಾರ್, ವಿಚಾರ್ಸಿ” ಅಂದ. ಮರಣೋತ್ತರ ಪರೀಕ್ಷೆ ಆಯಿತು. ಜಠರ, ಕರುಳಿನ ತುಂಡು, ಲಿವರ್, ಕಿಡ್ನಿಗಳನ್ನು ಉಪ್ಪು ನೀರಿನ ಬಾಟಲಿಗಳಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಅರಗಿನ ಸೀಲು ಒತ್ತಿ ಡಾಕ್ಟರು ನಮ್ಮ ಕೈಗೆ ಕೊಟ್ಟರು. ಕಾನ್‌ಸ್ಟೇಬಲ್ ಒಬ್ಬ ಅದನ್ನು ಚೀಲದಲ್ಲಿಟ್ಟುಕೊಂಡು, ತೊಡೆಯ ಮೇಲಿಂದ ಇಳಿಸದೆ, ಸಾರಿಗೆ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಒಯ್ದ. ವರದಿ ಬರಲು ತಿಂಗಳುಗಳೇ ಹಿಡಿದವು. ವಿಷದ ಅಂಶ ಕಂಡುಬಂದಿಲ್ಲ ಎಂದಿತ್ತು. ಅದನ್ನು ಸೇರಿಸಿ ನೋಡಿದ ವೈದ್ಯರು ಹೃದಯದ ಕಾಯಿಲೆಯಿಂದ ಆದ ಸಾವು ಎಂದು ಅಭಿಪ್ರಾಯ ಕೊಟ್ಟರು.

ಅಷ್ಟರಲ್ಲಿ ಆ ಅಣ್ಣನ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದಿತ್ತು. ಅವನ ಗದ್ದೆಗೆ ಆಳು ಬರುವುದು ನಿಂತಿತ್ತು. ಕಡತ ಎ.ಸಿ. ಆಫೀಸಿಗೆ ಹೋಯಿತು, ಮುಕ್ತಾಯವಾಯಿತು, ಬೀರು ಸೇರಿತು. ಊರಿಗೆ ಹೇಳಿದವರು ಯಾರೂ ಇಲ್ಲ. ಅವನು ಅರ್ಜಿ ಹಾಕಿ ನಕಲು ಪಡೆದು, ಲ್ಯಾಮಿನೇಷನ್ ಮಾಡಿಸಿ, ಅಂಗಿ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಸಂತೆಯಲ್ಲಿ, ಸೊಸೈಟಿಯಲ್ಲಿ, ಯಾರಾದರೂ ಓರೆಗಣ್ಣಿಂದ ನೋಡಿದರೆ ಆ ಕಾಗದ ತೆಗೆದು ತೋರಿಸುವನು. ತಮ್ಮನನ್ನು ಕೊಂದಿಲ್ಲ ಎಂದು ಒಬ್ಬ ಮನುಷ್ಯ ಊರವರ ಮುಂದೆ ಕಾಗದ ಹಿಡಿದು ನಿಲ್ಲಬೇಕಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ಆದ್ದರಿಂದ ಟೀ ಅಂಗಡಿಯ ಮಾತು ಬರೀ ಮಾತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಕ್ರಿಕೆಟ್ ತರಬೇತುದಾರರ ಸಾವು ಅಂದಾಗ ನನ್ನ ವಯಸ್ಸಿನವರಿಗೆ ನೆನಪಾಗುವ ಹೆಸರು ಬಾಬ್ ವೂಲ್ಮರ್. ಹುಟ್ಟಿದ್ದು 1948ರಲ್ಲಿ, ನಮ್ಮದೇ ದೇಶದ ಕಾನ್ಪುರದಲ್ಲಿ. ಆಡಿದ್ದು ಇಂಗ್ಲೆಂಡಿಗೆ. ದಕ್ಷಿಣ ಆಫ್ರಿಕಾಕ್ಕೆ ಕೋಚ್ ಆಗಿ ಹೆಸರು ಮಾಡಿ, ಆಮೇಲೆ ಪಾಕಿಸ್ತಾನಕ್ಕೆ ಬಂದವರು. 2007ರ ವಿಶ್ವಕಪ್ಪಿನಲ್ಲಿ ಮಾರ್ಚ್ 17ರಂದು ಜಮೈಕಾದ ಕಿಂಗ್ಸ್‌ಟನ್ನಿನಲ್ಲಿ ಪಾಕಿಸ್ತಾನ 132ಕ್ಕೆ ಆಲೌಟಾಗಿ ಐರ್ಲೆಂಡ್ ಕೈಲಿ ಸೋತಿತು. ಅದೇ ದಿನ ಟ್ರಿನಿಡಾಡ್‌ನಲ್ಲಿ ದ್ರಾವಿಡ್ ನಾಯಕತ್ವದ ನಮ್ಮ ತಂಡವೂ ಬಾಂಗ್ಲಾದೇಶಕ್ಕೆ ಸೋತದ್ದರಿಂದ ಆ ತಾರೀಖು ನಮ್ಮಲ್ಲಿ ಯಾರಿಗೂ ಮರೆಯದು. ಮರುದಿನ ಬೆಳಿಗ್ಗೆ ಪೆಗಾಸಸ್ ಹೋಟೆಲಿನ ಸ್ನಾನದ ಕೋಣೆಯಲ್ಲಿ ವೂಲ್ಮರ್ ಎಚ್ಚರವಿಲ್ಲದೆ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಸಾವು ಘೋಷಣೆಯಾಯಿತು.

ಆಮೇಲೆ ನಡೆದದ್ದನ್ನು ಒಬ್ಬ ಹಳೆಯ ರೈಟರ್ ಆಗಿ ಓದುವಾಗ ಹೊಟ್ಟೆ ಉರಿಯುತ್ತದೆ. ಇಡೀ ಜಗತ್ತು ಊಹಾಪೋಹ ಮಾಡಿತು ನಿಜ. ಬುಕ್ಕಿಗಳು ಕೊಂದರು, ಮ್ಯಾಚ್ ಫಿಕ್ಸಿಂಗ್ ಬಯಲಿಗೆಳೆಯಲು ಪುಸ್ತಕ ಬರೆಯುತ್ತಿದ್ದರು, ಹುಚ್ಚು ಅಭಿಮಾನಿ ನುಗ್ಗಿದ, ಹೀಗೆ ದಿನಕ್ಕೊಂದು. ಆದರೆ ಆ ಊಹೆಗೆ ಸರ್ಕಾರಿ ಸೀಲು ಒತ್ತಿದ್ದು ಪೊಲೀಸರೇ. ಮಾರ್ಚ್ 22ರಂದು, ಅಂದರೆ ಸಾವಿನ ನಾಲ್ಕೇ ದಿನಕ್ಕೆ, ಶವಪರೀಕ್ಷೆ ಮಾಡಿದ ವೈದ್ಯರ ಅಭಿಪ್ರಾಯ ಹಿಡಿದುಕೊಂಡು, ಕತ್ತು ಹಿಸುಕಿ ಕೊಲೆ ಮಾಡಲಾಗಿದೆ ಎಂದು ಜಮೈಕಾ ಪೊಲೀಸರು ಜಗತ್ತಿಗೆ ಸಾರಿದರು. ಪಾಕಿಸ್ತಾನದ ಆಟಗಾರರ ಬೆರಳಚ್ಚು ತೆಗೆದುಕೊಂಡರು. ತಮ್ಮ ಕೋಚ್ ಸತ್ತ ದುಃಖದಲ್ಲಿದ್ದ ಹುಡುಗರು ಕೊಲೆಯ ಶಂಕಿತರಂತೆ ವಿಮಾನ ಹತ್ತಿದರು.

ಬೇರೆ ದೇಶಗಳ ಮೂವರು ವಿಧಿವಿಜ್ಞಾನ ತಜ್ಞರು ವರದಿಯನ್ನು ಮತ್ತೆ ನೋಡಿದರು. ಮುರಿದಿದೆ ಎಂದಿದ್ದ ಕತ್ತಿನ ಮೂಳೆ ಎಕ್ಸ್-ರೇಯಲ್ಲಿ ಮುರಿದಿರಲಿಲ್ಲ. ಹೃದಯ ದೊಡ್ಡದಾಗಿತ್ತು, ಸಕ್ಕರೆ ಕಾಯಿಲೆ ಇತ್ತು. ಜೂನ್ 12ರಂದು ಪೊಲೀಸ್ ಕಮಿಷನರ್ ಲೂಷಿಯಸ್ ಥಾಮಸ್ ಅವರು ಇದು ಸಹಜ ಸಾವು, ಕೊಲೆಯಲ್ಲ ಎಂದು ಪ್ರಕಟಿಸಿದರು. ವಿಷದ ಮಾತೂ ಬಂದಿತ್ತು. ಸೈಪರ್‌ಮೆಥ್ರಿನ್ ಎಂಬ ಕೀಟನಾಶಕದ ಅಂಶ ಹೊಟ್ಟೆಯಲ್ಲಿ ಸಿಕ್ಕಿತು ಎಂದು ಅಲ್ಲಿನ ಪ್ರಯೋಗಾಲಯ ಹೇಳಿತು, ಇಂಗ್ಲೆಂಡಿನ ತಜ್ಞರಿಗೆ ಅದು ಸಿಗಲಿಲ್ಲ. ಅರಕಲಗೂಡಿನ ಯಾವ ಗೊಬ್ಬರದಂಗಡಿಗೆ ಹೋಗಿ ಕೇಳಿದರೂ ಆ ಔಷಧಿ ಕೊಡುತ್ತಾರೆ. ಹೆಸರು ಓದಿದ ಕ್ಷಣ ನನಗೆ ಆ ಬ್ಯಾರನ್ ಪಕ್ಕದ ಬಾಟಲಿ ಕಣ್ಣಿಗೆ ಬಂತು.

ಕೊನೆಗೆ ಅಲ್ಲಿನ ಕರೋನರ್ ನ್ಯಾಯಾಲಯದಲ್ಲಿ 11 ಮಂದಿ ಪಂಚರ ಜ್ಯೂರಿ ವಾರಗಟ್ಟಲೆ ಕೂತು ಸಾಕ್ಷಿಗಳನ್ನು ಕೇಳಿತು. ಮೊದಲು ಶವಪರೀಕ್ಷೆ ಮಾಡಿದ ವೈದ್ಯರು ತಮ್ಮ ಮಾತನ್ನು ಬಿಟ್ಟುಕೊಡಲಿಲ್ಲ, ಮಿಕ್ಕವರು ಒಪ್ಪಲಿಲ್ಲ. 2007ರ ನವೆಂಬರಿನಲ್ಲಿ ಜ್ಯೂರಿ ಕೊಟ್ಟ ತೀರ್ಮಾನ: ಕೊಲೆಯೆನ್ನಲೂ ಸಹಜ ಸಾವೆನ್ನಲೂ ಸಾಕಷ್ಟು ಪುರಾವೆ ಇಲ್ಲ. ಬಹಳ ಜನ ಅದನ್ನು ಸೋಲು ಎಂದರು. ನನಗೆ ಆ 11 ಮಂದಿಯ ಮೇಲೆ ಗೌರವವಿದೆ. ಲೋಕವೆಲ್ಲ ಬಾಯಿಗೆ ಬಂದದ್ದು ಹೇಳಿದ ಮೇಲೆ, ನಮಗೆ ತಿಳಿದುಬರಲಿಲ್ಲ ಎಂದು ಸಹಿ ಹಾಕಲು ಗಟ್ಟಿ ಮನಸ್ಸು ಬೇಕು. ನಾಲ್ಕನೇ ದಿನಕ್ಕೇ ಕೊಲೆ ಎಂದು ಕೂಗದಿದ್ದರೆ ಅವರಿಗೆ ಅಷ್ಟು ಗೋಜಲು ಬಿಡಿಸುವ ಕೆಲಸವೂ ಬರುತ್ತಿರಲಿಲ್ಲವೇನೋ.

ಇದೆಲ್ಲ ದೂರದ್ದಲ್ಲ. 2025ರ ಜೂನ್‌ನಲ್ಲಿ ಹಾಸನ ಅಂದರೆ ಹೃದಯಾಘಾತದ ಜಿಲ್ಲೆ ಎಂದಾಯಿತಲ್ಲ, ನೆನಪಿದೆಯೇ? ದಿನಾ ಒಂದು ಸಾವಿನ ಫೋಟೋ, ಕೆಳಗೆ ಎಣಿಕೆ. ಕೋವಿಡ್ ಲಸಿಕೆ ಎಂದರು, ನೀರು ಎಂದರು, ಕೋಳಿ ಎಂದರು. ಮುಖ್ಯಮಂತ್ರಿಗಳೂ ಲಸಿಕೆಯ ಮೇಲೆ ಸಂಶಯ ಎತ್ತಿದರು. ಊರಿಂದ ಬಸ್ ಹತ್ತಿದವರೆಲ್ಲ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು. ಮಿಕ್ಕ ನಾಲ್ಕರಲ್ಲಿ ಒಂದು ರಸ್ತೆ ಅಪಘಾತ, ಇನ್ನೊಂದು ಕರೆಂಟ್ ಹೊಡೆದದ್ದಿರಬಹುದು. ಹೃದಯದ್ದು ಎಂದ 20ರಲ್ಲೂ ಅರ್ಧದಷ್ಟಕ್ಕೆ ಶವಪರೀಕ್ಷೆಯೋ ಇ.ಸಿ.ಜಿ.ಯೋ ಆಧಾರವಿತ್ತು, ಇನ್ನರ್ಧ ಇರಬಹುದು ಎಂಬ ಅಂದಾಜು. ರಸ್ತೆಯಲ್ಲಿ ಸತ್ತವನನ್ನೂ ಹೃದಯಾಘಾತದ ಲೆಕ್ಕಕ್ಕೆ ಹಾಕಿ ವಾರಗಟ್ಟಲೆ ಭಯಪಟ್ಟ ಜಿಲ್ಲೆ ನಮ್ಮದು. ಅದೇ ಸಮಯದಲ್ಲಿ ಹೊಗೆಸೊಪ್ಪು, ಬೀಡಿ, ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಆಗಬೇಕಿದ್ದ ಮಾತು ಮೂಲೆಗೆ ಬಿತ್ತು.

ಹಾಗಾದರೆ ಅನುಮಾನವೇ ಪಡಬಾರದೇ ಎಂದು ಕೇಳುವವರಿದ್ದಾರೆ. ಪಡಲೇಬೇಕು. ಎಷ್ಟೋ ಕೊಲೆಗಳು ಬಯಲಾದದ್ದು ಪಕ್ಕದ ಮನೆಯ ಅಜ್ಜಿಯೊಬ್ಬಳು, “ರಾತ್ರಿ ಚೆನ್ನಾಗಿದ್ಲು ಕಣಪ್ಪ, ಏನೋ ಆಗದೆ” ಎಂದು ಹೇಳಿದ್ದರಿಂದ. ಸೊಸೆ ಸುಟ್ಟುಕೊಂಡಳು, ಸ್ಟೌ ಸಿಡಿಯಿತು ಎಂದು ಮುಚ್ಚಿಹಾಕುತ್ತಿದ್ದ ಕಾಲದಲ್ಲಿ ಅನುಮಾನಪಟ್ಟವರೇ ಆ ಹೆಣ್ಣುಮಕ್ಕಳ ಪರ ನಿಂತವರು. ಮದುವೆಯಾದ ಮೊದಲ ಏಳು ವರ್ಷದಲ್ಲಿ ಹೆಂಗಸು ಅಸಹಜವಾಗಿ ತೀರಿಕೊಂಡರೆ ಶವ ತನಿಖೆಗೆ ಮ್ಯಾಜಿಸ್ಟ್ರೇಟರೇ ಬರುವ ಪದ್ಧತಿ ಬಂದದ್ದೂ ಅಂಥ ಅನುಮಾನದಿಂದಲೇ. ಆದರೆ ಆ ಅಜ್ಜಿ ಹೇಳಿದ್ದು ನಮ್ಮ ಮುಂದೆ, ಪಂಚನಾಮೆಯಲ್ಲಿ ತನ್ನ ಹೆಸರು ಬರೆಸಿ, ಹೆಬ್ಬೆಟ್ಟು ಒತ್ತಿ. ಫೋನಿನಲ್ಲಿ ಮುಂದಕ್ಕೆ ತಳ್ಳುವವನ ಹೆಬ್ಬೆರಳಿಗೆ ಅಂಥ ಹೊಣೆ ಇಲ್ಲ.

ಕಾರಣದ ಮೇಲೆ ಹಣವೂ ನಿಂತಿರುತ್ತದೆ. ಅಪಘಾತ ವಿಮೆ ಇದ್ದರೆ ಒಂದು ಪದದಲ್ಲಿ ಮನೆಯವರ ಕೈಗೆ ಬರುವುದು ತಪ್ಪಿಹೋಗಬಹುದು. ರೈತನ ಆತ್ಮಹತ್ಯೆ ಎಂದು ಸಮಿತಿ ಒಪ್ಪಿದರೆ ಸರ್ಕಾರದಿಂದ 5 ಲಕ್ಷ ರೂಪಾಯಿ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಹೆಣದ ಸುತ್ತ ನಿಂತವರು ಕಿವಿಯಲ್ಲಿ ಹೇಳುವ ಮಾತಿನ ಹಿಂದೆ ಇದೂ ಇರುತ್ತದೆ. ಅದಕ್ಕೇ ಬರೆಯುವವನು ಕಣ್ಣಿಗೆ ಕಂಡದ್ದನ್ನು ಬಿಟ್ಟು ಆಚೆ ಈಚೆ ಅಲುಗಬಾರದು ಎಂದು ಹಿರಿಯ ರೈಟರುಗಳು ನಮಗೆ ಹೇಳಿಕೊಡುತ್ತಿದ್ದರು.

ಇನ್ನು ಜಾನ್ಸನ್. 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಆಸ್ಟ್ರೇಲಿಯಾ ಎದುರಿನ ಟೆಸ್ಟಿಗೆ ಶ್ರೀನಾಥ್ ಗಾಯಗೊಂಡು ಹೊರಗುಳಿದಾಗ ಇವರಿಗೆ ಕರೆ ಬಂತು. ಜಾವಗಲ್ ಇರುವುದೂ ಅರಸೀಕೆರೆ ತಾಲ್ಲೂಕಿನಲ್ಲೇ. ಒಂದೇ ತಾಲ್ಲೂಕಿನ ಮೂಲದ ಒಬ್ಬ ವೇಗಿ ಬಿಟ್ಟ ಜಾಗಕ್ಕೆ ಇನ್ನೊಬ್ಬ ವೇಗಿ! ಮೈಕಲ್ ಸ್ಲೇಟರ್ ಅವರ ವಿಕೆಟ್ ಪಡೆದರು. ಡಿಸೆಂಬರಿನಲ್ಲಿ ಡರ್ಬನ್‌ನಲ್ಲಿ ಇಬ್ಬರೂ ಒಟ್ಟಿಗೆ, ವೆಂಕಟೇಶ್ ಪ್ರಸಾದ್ ಜೊತೆ, ಚೆಂಡು ಹಿಡಿದರು. ಭಾರತ 100 ಮತ್ತು 66ಕ್ಕೆ ಉರುಳಿದ ಆ ಟೆಸ್ಟಿನಲ್ಲಿ ಗಿಬ್ಸ್ ಮತ್ತು ಮೆಕ್‌ಮಿಲನ್ ಜಾನ್ಸನ್‌ಗೆ ಬಲಿಯಾದರು. ಅಲ್ಲಿಗೆ ಟೆಸ್ಟ್ ಬಾಳು ಮುಗಿಯಿತು. ಎರಡು ಪಂದ್ಯ, ಮೂರು ವಿಕೆಟ್. ಪ್ರಥಮ ದರ್ಜೆಯಲ್ಲಿ 39 ಪಂದ್ಯ, 125 ವಿಕೆಟ್. ಕೇರಳದ ಎದುರು ಒಂದೇ ರಣಜಿ ಪಂದ್ಯದಲ್ಲಿ 10 ವಿಕೆಟ್ ಕಿತ್ತವರು. ಕರ್ನಾಟಕದ ಆ ಬೌಲಿಂಗ್ ಪಡೆಯಲ್ಲಿ ವೇಗದಲ್ಲಿ ಇವರನ್ನು ಮೀರಿಸುವವರು ಕಷ್ಟ ಎಂದು ಜೊತೆಗಾರರು ಇಂದಿಗೂ ಹೇಳುತ್ತಾರೆ. ಕುಂಬ್ಳೆ ಅವರಿಗೆ ಇವರು ‘ಬೆನ್ನಿ’. ಜೂನ್ 20ರ ಸಂಜೆ ನಮ್ಮ ಜಿಲ್ಲೆಯ ಮಕ್ಕಳಿಗೆ ಗೊತ್ತಾಗಬೇಕಾಗಿದ್ದದ್ದು ಇದು. ಅವರಿಗೆ ದಕ್ಕಿದ್ದು ಮಹಡಿಯ ಎತ್ತರ ಮಾತ್ರ.

ಪತ್ರಿಕೆಗಳಿಗೆ, ಪೊಲೀಸರಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಶವಪರೀಕ್ಷೆಯ ಅಂತಿಮ ಅಭಿಪ್ರಾಯ ಕೈಗೆ ಬರುವವರೆಗೆ ಯಾವ ಅಧಿಕಾರಿಯೂ ಮೈಕಿನ ಮುಂದೆ ಕಾರಣ ಹೇಳಬಾರದು, ಮೇಲಿನವರು ಎಷ್ಟೇ ಅವಸರ ಮಾಡಲಿ. ಸುದ್ದಿಮನೆ ಸಾವನ್ನು ವರದಿ ಮಾಡಲಿ, ಕಾರಣವನ್ನು ಮಾಡದಿರಲಿ. ಅನುಮಾನವನ್ನು ಮೊದಲ ಪುಟದಲ್ಲಿ ಹಾಕಿದ ಪತ್ರಿಕೆ ಆರು ತಿಂಗಳಾದ ಮೇಲೆ ಬಂದ ವರದಿಯನ್ನೂ ಮೊದಲ ಪುಟದಲ್ಲೇ ಹಾಕಲಿ. ಯು.ಡಿ.ಆರ್. ಮುಕ್ತಾಯವಾದ ದಿನವೇ ಅದರ ನಕಲನ್ನು, ಅರ್ಜಿ ಕೇಳದೆ, ಮನೆಯವರಿಗೆ ಠಾಣೆಯಿಂದಲೇ ತಲುಪಿಸಬೇಕು. ಮನೆಯವರು ಒಪ್ಪಿದರೆ ಆಯಾ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಹಾಕಲಿ: ಇಂಥವರ ಸಾವಿಗೆ ಇಂಥ ಕಾರಣ, ಇದರಲ್ಲಿ ಯಾರ ಮೇಲೂ ಅನುಮಾನವಿಲ್ಲ. ಒಂದು ಹಾಳೆ, ನಾಲ್ಕು ಗುಂಡುಪಿನ್ನು, ಒಬ್ಬ ಬಿಲ್ ಕಲೆಕ್ಟರ್ ಇದ್ದರೆ ಆಗುವ ಕೆಲಸ ಇದು.