ಡಿಮ್ಯಾಟ್ ಖಾತೆಯೊಳಗಿನ ಜೂಜು ಅಡ್ಡೆ

ಉತ್ತರ ಕರ್ನಾಟಕದ ಯಾವ ಪೊಲೀಸ್ ಠಾಣೆಯ ಪ್ರಕಟಣೆಯನ್ನಾದರೂ ಓದಿ ನೋಡಿ. ಹಳ್ಳದ ದಂಡೆಯ ಜಾಲಿ ಮರೆಯಲ್ಲಿ ಅಂದರ್ ಬಾಹರ್ ಆಡುತ್ತಿದ್ದವರ ಮೇಲೆ ದಾಳಿ. 52 ಇಸ್ಪೀಟು ಎಲೆ, ಪಣಕ್ಕಿಟ್ಟ ನಗದು, ಹಾಸಿಕೊಂಡಿದ್ದ ಹಳೆಯ ಟವೆಲ್ ಜಪ್ತಿ. ಕರ್ನಾಟಕ ಪೊಲೀಸ್ ಕಾಯ್ದೆ 1963, ಕಲಂ 87. ಕಿರಾಣಿ ಅಂಗಡಿ ಪಕ್ಕ ನಿಂತು ಓ.ಸಿ. (ಮಟ್ಕಾ) ಚೀಟಿ ಬರೆಯುತ್ತಿದ್ದವನಾದರೆ ಕಲಂ 78(3). ಆರೋಪಿಯ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಉದ್ಯೋಗ ಎಲ್ಲವನ್ನೂ ದಾಖಲಿಸುತ್ತಾರೆ. ಉದ್ಯೋಗದ ಮುಂದೆ ಬರುವ ಮಾತು ಕೂಲಿ, ಹಮಾಲಿ, ಒಕ್ಕಲುತನ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅವನ ಮಾನ ಹರಾಜು.

ಅದೇ ಪತ್ರಿಕೆಯ ವಾಣಿಜ್ಯ ಪುಟಕ್ಕೆ ಬನ್ನಿ. ಅಲ್ಲಿಯೂ ಜೂಜಿದೆ. ಗೋವಾದ ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗು ನಿಲ್ಲಿಸಿಕೊಂಡ ಡೆಲ್ಟಾ ಕಾರ್ಪ್ ಅಲ್ಲಿದೆ. ಪೋಕರ್ ಕಂಪನಿಯೊಂದರ ಸುಮಾರು ಅರ್ಧ ಪಾಲನ್ನು 800 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಕೊಂಡ ನಜಾರಾ ಟೆಕ್ನಾಲಜೀಸ್ ಅಲ್ಲಿದೆ. ಅವುಗಳ ಷೇರು ಹಿಡಿದವರ ಹೆಸರಿನ ಪಕ್ಕದಲ್ಲಿ ಜಾತಿ ಕಾಣುವುದಿಲ್ಲ, ಅಪ್ಪನ ಹೆಸರು ಕಾಣುವುದಿಲ್ಲ. ಅವರು ಹೂಡಿಕೆದಾರರು. 2021ರ ಮಾರ್ಚ್‌ನಲ್ಲಿ ನಜಾರಾ 1,101 ರೂಪಾಯಿಗೆ ಷೇರು ಹಂಚಲು ಬಂದಾಗ ಇದ್ದ ಷೇರಿಗಿಂತ 175 ಪಟ್ಟು ಬೇಡಿಕೆ ಬಂತು. ನೌಕರಿಯಲ್ಲಿರುವವರು, ಡಾಕ್ಟರುಗಳು, ಎಂಜಿನಿಯರುಗಳು, ನಿವೃತ್ತ ಪ್ರಾಧ್ಯಾಪಕರು ಅರ್ಜಿ ಹಾಕಿ ಕಾದರು. ಮೊದಲ ದಿನ ಪೇಟೆ ತೆರೆದಾಗಲೇ ಬೆಲೆ ಹೆಚ್ಚೂಕಮ್ಮಿ ಇಮ್ಮಡಿಯಾಗಿತ್ತು. ಆಗ ಆ ಕಂಪನಿಯ ವಹಿವಾಟಿನಲ್ಲಿ ಮಕ್ಕಳ ಕಲಿಕೆಯ ಆ್ಯಪು, ಇ-ಸ್ಪೋರ್ಟ್ಸ್ ಹೆಚ್ಚಿದ್ದವು, ಹಣ ಕಟ್ಟಿ ಆಡುವ ಆಟ ಕಡಿಮೆಯಿತ್ತು ಎಂಬುದು ನಿಜ. ಪೋಕರ್ ಬಂದದ್ದು 2024ರಲ್ಲಿ. ಬಂದ ಮೇಲೆ ಎಷ್ಟು ಜನ ಷೇರು ಮಾರಿ ಹೊರಗೆ ಬಂದರು?

ಜೂಜುಗಾರರನ್ನು ಬೈಯಲು ಈ ಬರಹವಲ್ಲ. ಅವರನ್ನು ಬೈಯಲು ಊರಿಗೆ ಊರೇ ಇದೆ. ನನ್ನ ಸಿಟ್ಟು ಒಂದು ಎಲೆಯನ್ನೂ ಮುಟ್ಟದೆ, ಒಂದು ಪಂದ್ಯಕ್ಕೂ ಬಾಜಿ ಕಟ್ಟದೆ, ಆಡಿದವರು ಸೋತ ದುಡ್ಡಿನಲ್ಲಿ ಪಾಲು ಎಣಿಸಿಕೊಳ್ಳುವ ನಮ್ಮ ಓದಿದ ವರ್ಗದ ಮೇಲೆ.

ಈ ಧಂದೆಯ ಆದಾಯ ಎಲ್ಲಿಂದ ಬರುತ್ತದೆಂದು ಕೇಳಿ. ಬುಕ್ಕಿ ಕಂಪನಿ ಬಟ್ಟೆ ನೇಯುವುದಿಲ್ಲ, ಬೆಳೆ ತೆಗೆಯುವುದಿಲ್ಲ, ಒಬ್ಬರ ಕಾಯಿಲೆ ವಾಸಿ ಮಾಡುವುದಿಲ್ಲ. ಗ್ರಾಹಕ ಕಟ್ಟಿದ್ದರಲ್ಲಿ ಅವನಿಗೆ ವಾಪಸು ಹೋಗದೆ ಉಳಿದದ್ದೇ ಅದರ ಆದಾಯ. ಗ್ರಾಹಕ ಗೆಲ್ಲುತ್ತಾ ಹೋದರೆ ಕಂಪನಿ ಮುಳುಗುತ್ತದೆ. ಅದಕ್ಕೇ ಬ್ರಿಟನ್ನಿನ ಆನ್‌ಲೈನ್ ಬುಕ್ಕಿಗಳು ಸತತವಾಗಿ ಗೆಲ್ಲುವವನ ಖಾತೆಗೆ ಮಿತಿ ಹಾಕುತ್ತಾರೆ; ಅವನು ಕೆಲವು ಪೆನ್ಸ್‌ಗಿಂತ ಹೆಚ್ಚು ಕಟ್ಟದ ಹಾಗೆ ಬಿಗಿ ಮಾಡುತ್ತಾರೆ. ಸತತವಾಗಿ ಸೋಲುವವನನ್ನು ವಿಐಪಿ ಎಂದು ಕರೆದು, ಬೋನಸ್ಸು, ಉಚಿತ ಬಾಜಿ, ಪಂದ್ಯದ ಟಿಕೆಟ್ಟು ಕೊಟ್ಟು ಉಳಿಸಿಕೊಂಡರು.

ಬ್ರಿಟನ್ನಿನ ಲಾರ್ಡ್ಸ್ ಸಭೆಯ ಸಮಿತಿ 2020ರ ಜುಲೈನಲ್ಲಿ ವರದಿ ಕೊಟ್ಟಿತು. ಜೂಜು ಉದ್ಯಮದ ಲಾಭದಲ್ಲಿ ಶೇ 60ರಷ್ಟು ಬರುವುದು ಶೇ 5ರಷ್ಟು ಗ್ರಾಹಕರಿಂದ, ಆ ಶೇ 5 ಮಂದಿ ಆಗಲೇ ಚಟಕ್ಕೆ ಬಿದ್ದವರು ಅಥವಾ ಬೀಳುವ ಅಂಚಿನಲ್ಲಿ ಇರುವವರು. ಇದನ್ನು ಮತ್ತೊಮ್ಮೆ ಓದಿ. ಶನಿವಾರ ಮೋಜಿಗೆ ಒಂದು ಪೌಂಡು ಕಟ್ಟಿ ಮರೆತುಬಿಡುವವನಿಂದ ಈ ಕಂಪನಿಗಳು ಬದುಕಿಲ್ಲ. ಮನೆ ಬಾಡಿಗೆ ಕಟ್ಟುವುದನ್ನು ಬಿಟ್ಟು ಬಾಜಿ ಕಟ್ಟುವವನಿಂದ ಬದುಕಿವೆ. ಹಾಗಾದರೆ ಅದರ ಷೇರು ಕೊಂಡವನು ಲಾಭ ಹೆಚ್ಚಲಿ ಎಂದು ಬಯಸಿದಾಗ ಏನನ್ನು ಬಯಸಿದ ಹಾಗಾಯಿತು?

ವಿಲಿಯಂ ಹಿಲ್ ಎಂಬ ಹಳೆಯ ಬುಕ್ಕಿ ಕಂಪನಿಗೆ ಅಲ್ಲಿನ ಗ್ಯಾಂಬ್ಲಿಂಗ್ ಕಮಿಷನ್ 2023ರ ಮಾರ್ಚ್‌ನಲ್ಲಿ 1.92 ಕೋಟಿ ಪೌಂಡ್ ದಂಡ ಹಾಕಿತು. ಒಬ್ಬ ಗ್ರಾಹಕ ಹೊಸ ಖಾತೆ ತೆರೆದು 20 ನಿಮಿಷದಲ್ಲಿ 23,000 ಪೌಂಡ್ ಸುರಿದಿದ್ದ. ಎಲ್ಲಿಂದ ಬಂತು ಈ ದುಡ್ಡು, ಯಾಕೆ ಹೀಗೆ ಆಡುತ್ತಿದ್ದೀಯ ಎಂದು ಯಾರೂ ಕೇಳಲಿಲ್ಲ. 2019ರವರೆಗೆ ಆ ದೇಶದ ಬೀದಿ ಬೀದಿಯ ಬಾಜಿ ಅಂಗಡಿಗಳ ಯಂತ್ರದಲ್ಲಿ 20 ಸೆಕೆಂಡಿಗೊಮ್ಮೆ 100 ಪೌಂಡ್ ಕಟ್ಟಬಹುದಿತ್ತು. ಚಟದಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಬೀದಿಗಿಳಿದರು, ಚಳವಳಿ ನಡೆಯಿತು, ಮಿತಿ 2 ಪೌಂಡಿಗೆ ಇಳಿಯಿತು. ಅಂಗಡಿ ಮುಚ್ಚುತ್ತವೆ, ಷೇರು ಬೀಳುತ್ತದೆ ಎಂಬ ಬೊಬ್ಬೆ ಅಲ್ಲಿಯೂ ಎದ್ದಿತ್ತು.

ನಮ್ಮ ದೇಶದ ಕಥೆಗೆ ಬರೋಣ. ಹಣ ಕಟ್ಟಿಸಿ ಆಡಿಸುತ್ತಿದ್ದ ರಮ್ಮಿ ಕಂಪನಿಗಳು ಕೋರ್ಟಿನಲ್ಲಿ ಮುಖ್ಯವಾಗಿ ಎತ್ತಿ ಹಿಡಿಯುವ ಗುರಾಣಿ ಒಂದಿದೆ. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಬಹುಪಾಲು ಚಾತುರ್ಯದ ಆಟ ಎಂದಿತು. ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಬುದ್ಧಿ ಬೇಕು ಎಂದಿತು. ಸರಿ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಪಣಕ್ಕಿಟ್ಟು ಆಡುವ ಆ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು. ವಕೀಲರು ಮೊದಲ ಮಾತನ್ನು ಗಟ್ಟಿಯಾಗಿ ಓದಿದರು, ಎರಡನೆಯದಕ್ಕೆ ದನಿ ತಗ್ಗಿಸಿದರು. ಷೇರುದಾರ ಅಂದರೆ ಆ ಕ್ಲಬ್ಬಿನ ಮಾಲೀಕನೇ ತಾನೆ? ಅವನಿಗೆ ಸಿಗುವುದು ಪಣದಿಂದ ಬಂದ ಲಾಭವೇ ತಾನೆ? ಚಾತುರ್ಯ ಆಡುವವನದು ಇರಬಹುದು. ಷೇರುದಾರನದು ಏನಿದೆ?

ಕರ್ನಾಟಕ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟ ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ವ್ಯಾಪಾರದ ಹಕ್ಕು ಗೆದ್ದಿತು. ಹಳ್ಳದ ದಂಡೆಯಲ್ಲಿ ಕೂತವನ ಕಲಂ 87 ಮಾತ್ರ ಹಾಗೇ ಉಳಿಯಿತು. ಅವನಿಗೆ ಸಂವಿಧಾನದ 19ನೇ ವಿಧಿ ನೆನಪಿಸಲು ದೊಡ್ಡ ವಕೀಲರು ಯಾರೂ ಇರಲಿಲ್ಲ.

ಆ ಹೊತ್ತಿಗೆ ಜೂಜು ಬೆಂಗಳೂರಿನ ಪಿ.ಜಿ. ಕೋಣೆಗಳೊಳಗೆ ಬಂದು ಕೂತಿತ್ತು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಊಟದ ಪೊಟ್ಟಣ ಹಂಚುವ ಹುಡುಗರು ಒಂದೇ ಕೋಣೆಯಲ್ಲಿ ನಾಲ್ಕು ಮಂಚ ಹಾಕಿಕೊಂಡು ಇರುತ್ತಾರೆ. ರಾತ್ರಿ ಕೊನೆಯ ಆರ್ಡರ್ ಮುಗಿಸಿ ಬಂದವನ ಫೋನು ಕಿಣಿಕಿಣಿ ಎನ್ನುತ್ತಿತ್ತು: ನಿಮ್ಮ ಬೋನಸ್ ಕಾಯುತ್ತಿದೆ. ತೆರೆದರೆ ಹಣ ಹಾಕುವ ಗುಂಡಿ ಎದ್ದು ಕಾಣುವಂತೆ ಹಸಿರಾಗಿರುತ್ತಿತ್ತು. ಯುಪಿಐ ಪಿನ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಣ ಹೋಗುತ್ತಿತ್ತು. ತೆಗೆಯಬೇಕೆಂದರೆ ಗುರುತಿನ ಚೀಟಿ ತೋರಿಸು, ತಾಳಿಕೋ, ಇಷ್ಟು ಆಡಿದ ಮೇಲೆ ಮಾತ್ರ ಬೋನಸ್ ನಿನ್ನದು ಎಂದು ಅಡ್ಡಿ. ಊರಿಗೆ ಕಳಿಸಬೇಕಾದ ತಿಂಗಳ ದುಡ್ಡು ಹೋಗುತ್ತಿತ್ತು. ಆಮೇಲೆ ಸಾಲದ ಆ್ಯಪು, ಆಮೇಲೆ ಮೀಟರ್ ಬಡ್ಡಿ, ಆಮೇಲೆ ಊರಲ್ಲಿ ಅವ್ವನ ಕಿವಿಯೋಲೆ ಅಡ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಲ್ಲಿ ಸುಮಾರು 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದರೆಂಬುದು 2025ರಲ್ಲಿ ಕೇಂದ್ರ ಸರ್ಕಾರ ಮುಂದಿಟ್ಟ ಅಂದಾಜು.

ಆ ಹುಡುಗನ ದುಡ್ಡು ಎಲ್ಲಿಯವರೆಗೆ ಹೋಗುತ್ತಿತ್ತು ಗೊತ್ತೇ? ಜಂಗ್ಲಿ ರಮ್ಮಿಯ ಕಂಪನಿಯ ಬಹುಪಾಲು ಷೇರನ್ನು 2021ರಲ್ಲಿ ಫ್ಲಟರ್ ಎಂಬ ಐರ್ಲೆಂಡ್ ಮೂಲದ ಕಂಪನಿ ಕೊಂಡಿತು. ಪ್ಯಾಡಿ ಪವರ್, ಬೆಟ್‌ಫೇರ್, ಅಮೆರಿಕದ ಫ್ಯಾನ್‌ಡ್ಯುಯೆಲ್ ಎಲ್ಲ ಅದರದ್ದೇ. ಲಂಡನ್ನಿನ ಪಿಂಚಣಿ ನಿಧಿಗಳಲ್ಲಿ, ನ್ಯೂಯಾರ್ಕಿನ ಫಂಡುಗಳಲ್ಲಿ ಅದರ ಷೇರುಗಳಿವೆ. ಅಲ್ಲಿ ಕೆಲಸ ಮಾಡುವ ನಮ್ಮ ಕನ್ನಡದ ಮಕ್ಕಳ ಸಂಬಳದಿಂದ ಕಡಿತವಾಗುವ ಪಿಂಚಣಿಯ ಹಣವೂ ಅಂಥ ಫಂಡುಗಳಿಗೇ ಹೋಗುತ್ತದೆ. ಯಾದಗಿರಿಯ ಹುಡುಗನ ಸೋಲು ಸಮುದ್ರ ದಾಟಿ ಯಾರದೋ ನಿವೃತ್ತಿ ಜೀವನದ ನೆಮ್ಮದಿಯಾಗುತ್ತಿತ್ತು.

ಗೋವಾದ ಮಾತು ಇನ್ನೂ ಹೊಟ್ಟೆ ಉರಿಸುತ್ತದೆ. 2020ರ ಫೆಬ್ರುವರಿಯಿಂದ ಗೋವಾದವರು ಆಡಲೆಂದು ಕ್ಯಾಸಿನೋ ಒಳಗೆ ಹೋಗುವಂತಿಲ್ಲ. ಅಲ್ಲಿನ ಸರ್ಕಾರದ್ದೇ ನಿಯಮ. ತನ್ನ ಮಕ್ಕಳು ಹಾಳಾಗುತ್ತಾರೆಂದು ಆ ಸರ್ಕಾರಕ್ಕೆ ಗೊತ್ತಿದೆ, ಅದಕ್ಕೆ ಅವರಿಗೆ ಬಾಗಿಲು ಮುಚ್ಚಿದೆ, ಹೊರಗಿನವರಿಗೆ ತೆರೆದಿದೆ. ಹೊರಗಿನವರೆಂದರೆ ಯಾರು? ಶನಿವಾರ ಸಂಜೆ ಪಣಜಿಯ ಜೆಟ್ಟಿ ಬಳಿ ನಿಂತು ಕಾರುಗಳ ನಂಬರ್ ಪ್ಲೇಟ್ ನೋಡಿ. ಕೆಎ 22 ಬೆಳಗಾವಿ, ಕೆಎ 25 ಧಾರವಾಡ, ಕೆಎ 63 ಹುಬ್ಬಳ್ಳಿ. ದೋಣಿ ಹತ್ತಿ ಡೆಲ್ಟಾ ಕಾರ್ಪ್‌ನ ಡೆಲ್ಟಿನ್ ರಾಯಲ್ ಹಡಗಿಗೆ ಹೋದವರು ಬೆಳಗಿನ ಜಾವ ಮುಖ ಕಪ್ಪಿಟ್ಟುಕೊಂಡು ಇಳಿಯುತ್ತಾರೆ. 2023ರಲ್ಲಿ ಡೆಲ್ಟಾ ಕಾರ್ಪ್ ಷೇರಿಗೆ 1.25 ರೂಪಾಯಿ ಲಾಭಾಂಶ ಕೊಟ್ಟಿತು. ಬೆಳಗಾವಿಯ ಒಬ್ಬ ಕಬ್ಬು ಬೆಳೆಗಾರ ಕಾರ್ಖಾನೆಯ ಬಿಲ್ಲು ಬಂದ ವಾರ ಅಲ್ಲಿ ಕಳೆದುಕೊಂಡದ್ದರಲ್ಲಿ ಎಷ್ಟು ಪೈಸೆ ಆ 1.25ರಲ್ಲಿ ಬೆರೆತಿತ್ತು? ಯಾವ ವಾರ್ಷಿಕ ವರದಿಯೂ ಅದನ್ನು ಬರೆಯುವುದಿಲ್ಲ.

ಪೇಟೆ ಯಾವಾಗ ಅತ್ತಿತು ನೋಡಿ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ತೆರಿಗೆ ಎಂದಾಗ ಡೆಲ್ಟಾ ಷೇರು ಒಂದೇ ದಿನದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು. ಸೆಪ್ಟೆಂಬರ್‌ನಲ್ಲಿ 11,139 ಕೋಟಿ ರೂಪಾಯಿಯ ತೆರಿಗೆ ನೋಟಿಸು ಬಂತು, ಮತ್ತೆ ಕುಸಿಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೇ ನಿಷೇಧಿಸಿತು. ಆಡಿಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ನಜಾರಾ ಷೇರು ಬಿತ್ತು. ಫ್ಲಟರ್ ಜಂಗ್ಲಿಯ ಬಾಬತ್ತು ಅರ್ಧ ಶತಕೋಟಿ ಡಾಲರಿಗೂ ಹೆಚ್ಚು ಮೊತ್ತವನ್ನು ತನ್ನ ಲೆಕ್ಕದಿಂದ ತೆಗೆದು ಹಾಕಬೇಕಾಯಿತು. ವಾಣಿಜ್ಯ ವಾಹಿನಿಗಳಲ್ಲಿ ಹೂಡಿಕೆದಾರರ ಸಂಪತ್ತು ಕರಗಿತು ಎಂಬ ಗೋಳು. ಐದು ವರ್ಷ ಆಡಿದವರ ಸಂಪತ್ತು ಕರಗುವಾಗ ಈ ವಾಹಿನಿಗಳ ತೆರೆಯ ಮೇಲೆ ಕ್ರಿಕೆಟಿಗರು ನಗುತ್ತಾ ಆ ಆ್ಯಪುಗಳ ಜಾಹೀರಾತು ಹೇಳುತ್ತಿದ್ದರು.

ನಾನು ಕೊಳ್ಳದಿದ್ದರೆ ಇನ್ನೊಬ್ಬ ಕೊಳ್ಳುತ್ತಾನೆ ಎನ್ನುವವರಿದ್ದಾರೆ. ಈ ಮಾತನ್ನು ಓ.ಸಿ. ಬರೆಯುವವನೂ ಹೇಳಬಲ್ಲ, ಕೋರ್ಟು ಒಪ್ಪುವುದಿಲ್ಲ. ಸರ್ಕಾರಕ್ಕೆ ತೆರಿಗೆ ಬರುತ್ತದೆ ಎನ್ನುವವರಿದ್ದಾರೆ. ಲಾಟರಿಯಿಂದಲೂ ಬರುತ್ತಿತ್ತು. 2007ರಲ್ಲಿ ಕರ್ನಾಟಕ ಲಾಟರಿ ನಿಷೇಧಿಸಿತು, ರಾಜ್ಯವೇನೂ ಮುಳುಗಲಿಲ್ಲ. ಎಷ್ಟೋ ಕೂಲಿಯವರ ಮನೆಯಲ್ಲಿ ಸಂಜೆಯ ಅಕ್ಕಿ ಉಳಿಯಿತು.

ಬಸವ ಜಯಂತಿಯ ವೇದಿಕೆಯಲ್ಲಿ ಕಾಯಕದ ಬಗ್ಗೆ ಗಂಟೆಗಟ್ಟಲೆ ಮಾತಾಡುವವರನ್ನು ಕೇಳುತ್ತೇನೆ: ದುಡಿಯದೆ ಬಂದದ್ದು, ಅದೂ ಇನ್ನೊಬ್ಬನನ್ನು ಹಾಳು ಮಾಡಿ ಬಂದದ್ದು ನಿಮ್ಮ ಖಾತೆಗೆ ಹೇಗೆ ಜಮೆಯಾಯಿತು? ಶರಣರು ಹನ್ನೆರಡನೇ ಶತಮಾನದಲ್ಲೇ ದುಡ್ಡಿನ ಮೂಲ ಕೇಳಿದ್ದರು. ನಾವು ಶೇಕಡಾವಾರು ಮಾತ್ರ ಕೇಳುತ್ತಿದ್ದೇವೆ.

ನನಗೆ ಷೇರುಪೇಟೆ ಗೊತ್ತಿಲ್ಲ, ನಾನು ಎಸ್‌ಐಪಿ ಮಾತ್ರ ಕಟ್ಟುತ್ತೇನೆ ಎಂಬ ಮೇಷ್ಟ್ರುಗಳಿಗೂ ಒಂದು ಮಾತಿದೆ. 2023ರಲ್ಲಿ ನಜಾರಾ ಕಂಪನಿಗೆ 410 ಕೋಟಿ ರೂಪಾಯಿ ಹಾಕಿದ್ದು ಎಸ್‌ಬಿಐ ಮ್ಯೂಚುವಲ್ ಫಂಡ್. ನಿಮ್ಮ ಊರಿನ ಸರ್ಕಾರಿ ಬ್ಯಾಂಕಿನ ಹೆಸರು ಹೊತ್ತ ಫಂಡು. ಮರುವರ್ಷ ಆ ಕಂಪನಿ ಪೋಕರಿಗೆ ಕೈ ಹಾಕಿದಾಗ ಕಂತು ಕಟ್ಟುವ ಯಾವ ಮೇಷ್ಟ್ರನ್ನೂ ಯಾರೂ ಕೇಳಲಿಲ್ಲ. ಕೇಳುವುದಿಲ್ಲ. ಕೇಳಬೇಕಾದವರು ನಾವೇ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಷೇಧಿಸಿದ ಹೊಸ ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ತೀರ್ಪು ಯಾವ ಕಡೆಗಾದರೂ ಬರಬಹುದು. ಕಾಯ್ದೆ ಬಿದ್ದರೆ ಮರುದಿನ ಬೆಳಗ್ಗೆ ಒಂಬತ್ತೂಕಾಲಕ್ಕೆ ಈ ಷೇರುಗಳು ಏರುತ್ತವೆ, ಕೊಳ್ಳಿ ಎಂದು ದಲ್ಲಾಳಿಗಳ ಸಂದೇಶ ಬರುತ್ತದೆ. ಈಗಲೂ ಅಮೆರಿಕದ ಷೇರು ಕೊಡಿಸುವ ಆ್ಯಪುಗಳಲ್ಲಿ ಫ್ಲಟರ್, ಡ್ರಾಫ್ಟ್‌ಕಿಂಗ್ಸ್‌ನಂಥ ಬಾಜಿ ಕಂಪನಿಗಳು ಸಿಗುತ್ತವೆ. ಕಾನೂನು ಬಿಟ್ಟುಕೊಟ್ಟರೂ ನೀವು ಬಿಟ್ಟುಕೊಡಬೇಡಿ. ಪ್ರತಿ ಫಂಡು ತನ್ನಲ್ಲಿ ಯಾವ ಷೇರುಗಳಿವೆಯೆಂದು ಪ್ರತಿ ತಿಂಗಳೂ ಪ್ರಕಟಿಸಬೇಕು, ಅದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. ಈ ತಿಂಗಳದ್ದನ್ನು ತೆಗೆದು ಓದಿ. ಜೂಜಿನ ಕಂಪನಿ ಕಂಡರೆ ಫಂಡಿನವರಿಗೆ ಬರೆಯಿರಿ, ಕಂತು ನಿಲ್ಲಿಸುತ್ತೇನೆಂದು ಹೇಳಿ, ನಿಲ್ಲಿಸಿ. ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಅಂಥ ಷೇರಿದ್ದರೆ ಮಾರಿ. ಮಾರುವಾಗ ನಷ್ಟವಾದರೆ ಆ ನಷ್ಟ ಹೊತ್ತುಕೊಳ್ಳಿ.