ಹಗಲು ದೀವಟಿಗೆಯನ್ನು ನಂದಿಸುವವರಿಗೆ

ನಮ್ಮ ಕಡೆಯ ಮಠಾಧಿಪತಿಗಳ ಅಡ್ಡಪಲ್ಲಕ್ಕಿಯ ಮುಂದೆ ಹಗಲು ದೀವಟಿಗೆ ಹಿಡಿಯುವ ಪದ್ಧತಿ ಉಂಟು. ನಡುಹಗಲಿನಲ್ಲಿ ಪಂಜು ಏಕೆಂದು ಯಾರೂ ಕೇಳುವುದಿಲ್ಲ. ಅದು ಗೌರವದ ಬಿರುದು, ನಿಜ. ಆದರೆ ಪಲ್ಲಕ್ಕಿ ಹೊರುವವರಿಗೆ ದಾರಿ ಕಾಣಲೆಂದು ಆ ದೀಪವಲ್ಲ, ಯಾರೋ ಬರುತ್ತಿದ್ದಾರೆಂದು ದಾರಿಯಲ್ಲಿದ್ದವರಿಗೆ ಕಾಣಲೆಂದು. ಇಷ್ಟು ಸರಳವಾದ ಸಂಗತಿ, ಮೋಟಾರ್ ಸೈಕಲ್ಲಿನ ವಿಷಯ ಬಂದಾಗ ಮಾತ್ರ ನಮ್ಮ ಪುಣೆಯ ಕನ್ನಡ ಬಾಂಧವರಿಗೆ ಏಕೆ ಹೊಳೆಯುವುದಿಲ್ಲವೋ ತಿಳಿಯದು.

ಕಳೆದ ರಾಜ್ಯೋತ್ಸವದ ದಿನ ಸಭಾಂಗಣದ ಹೊರಗೆ ಗಾಡಿ ನಿಲ್ಲಿಸುವಾಗ, ನಮ್ಮ ಸದಸ್ಯರೊಬ್ಬರು ತಮ್ಮ ಹೊಸ ಬೈಕಿನ ಹಿಡಿಕೆಯ ಕೆಳಗೆ ಕೂರಿಸಿದ ಪುಟ್ಟ ಕರಿಯ ಸ್ವಿಚ್ಚನ್ನು ನಮಗೆ ಹೆಮ್ಮೆಯಿಂದ ತೋರಿಸಿದರು. ಕಂಪನಿಯವರು ಹಗಲೂ ದೀಪ ಉರಿಯುವ ಹಾಗೆ ಮಾಡಿದ್ದಾರಂತೆ. ಇವರು ಮೂಲೆಯ ಮೆಕ್ಯಾನಿಕ್ಕಿಗೆ ಹೇಳಿ ವೈರು ಕತ್ತರಿಸಿ, ನಡುವೆ ಸ್ವಿಚ್ಚು ಹಾಕಿಸಿದ್ದಾರಂತೆ. ಸುತ್ತಲಿದ್ದ ನಾಲ್ಕಾರು ಮಂದಿ ಆ ಮೆಕ್ಯಾನಿಕ್ಕಿನ ವಿಳಾಸ ಕೇಳಿ ಬರೆದುಕೊಂಡರು! ಅಂದು ವೇದಿಕೆಯ ಮೇಲೆ ಆದ ಭಾಷಣಗಳಲ್ಲಿ ಒಂದೂ ನಮಗೆ ಈಗ ನೆನಪಿಲ್ಲ. ಆ ಸ್ವಿಚ್ಚು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಆ ದೀಪ ಕಂಪನಿಯವರ ಶೋಕಿಯಲ್ಲ. ಸುಪ್ರೀಂ ಕೋರ್ಟು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯ ಸಲಹೆಯ ಮೇರೆಗೆ ಕೇಂದ್ರ ಸರ್ಕಾರ ನಿಯಮ ಮಾಡಿ, 2017ರ ಏಪ್ರಿಲ್ 1ರಿಂದ ತಯಾರಾಗುವ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಮುಂದಿನ ದೀಪ ತಾನಾಗಿ ಹತ್ತಿಕೊಳ್ಳಬೇಕೆಂದು ವಿಧಿಸಿತು. ಏಕೆ ದ್ವಿಚಕ್ರಕ್ಕೇ ಎಂದು ಕೇಳುವವರು 2022ರ ಸರ್ಕಾರಿ ಲೆಕ್ಕವನ್ನು ನೋಡಲಿ. ಆ ಒಂದು ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದ ಮೇಲಿದ್ದವರು.

ಅಪಘಾತವಾದ ಕಡೆ ಹೋಗಿ ನಿಂತವರಿಗೆಲ್ಲ ಗೊತ್ತು, ಕಾರಿನವನ ಬಾಯಿಂದ ಬರುವ ಮೊದಲ ಮಾತು ಒಂದೇ: "ಕಾಣಲೇ ಇಲ್ಲ". ಅವನು ಸುಳ್ಳು ಹೇಳುತ್ತಿದ್ದಾನೆಂದು ಜನ ಕೈ ಎತ್ತುತ್ತಾರೆ. ಬಹಳ ಸಲ ಅವನು ಹೇಳುವುದು ನಿಜ. ಅವನು ನೋಡಿದ್ದಾನೆ, ಆದರೂ ಕಂಡಿಲ್ಲ. ತಿರುವಿನಲ್ಲಿ ನಿಂತ ಚಾಲಕನ ಕಣ್ಣು ಬಸ್ಸು, ಲಾರಿ, ಕಾರುಗಳನ್ನು ಹುಡುಕುತ್ತದೆ. ಅವುಗಳ ನಡುವೆ ಎದುರಿನಿಂದ ಬರುವ ಬೈಕು ಒಂದು ಕಡ್ಡಿಯಷ್ಟು ಅಗಲದ ಆಕೃತಿ. ಸಣ್ಣದಾಗಿ ಕಂಡದ್ದು ಇನ್ನೂ ದೂರವಿದೆ ಎಂದು ಮನಸ್ಸು ತಾನಾಗಿ ತೀರ್ಮಾನಿಸಿಬಿಡುತ್ತದೆ. ಮೇಲೆ ಮರದ ನೆರಳು ಬಿಸಿಲು ಬೆರೆತ ರಸ್ತೆ, ಮೇಲ್ಸೇತುವೆಯ ಕೆಳಗಿನ ಕತ್ತಲು, ಕರಿಯ ಜಾಕೀಟು, ಬೂದು ಬಣ್ಣದ ಗಾಡಿ. ಅಲ್ಲಿ ಒಂದು ಬೆಳಕಿನ ಚುಕ್ಕಿ ಮಾಡುವ ಕೆಲಸ ಇಷ್ಟೇ: ಇಲ್ಲೊಬ್ಬನಿದ್ದಾನೆ ಎಂದು ಹೇಳುವುದು. ಎಷ್ಟು ದೂರ, ಎಷ್ಟು ವೇಗ ಎಂಬುದು ಆಮೇಲಿನ ಮಾತು.

"ಇದೆಲ್ಲ ಸೂರ್ಯನನ್ನೇ ಕಾಣದ ದೇಶಗಳ ಕಾನೂನು, ನಮ್ಮ ಬಿಸಿಲಿಗೆ ಏಕೆ?" ಎಂಬುದು ವಿದ್ಯಾವಂತರ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಫಿನ್ಲೆಂಡ್ 1972ರಲ್ಲಿ ಚಳಿಗಾಲದ ಹಳ್ಳಿದಾರಿಗಳಿಗೆ, ಸ್ವೀಡನ್ 1977ರಲ್ಲಿ ಎಲ್ಲ ವಾಹನಗಳಿಗೆ ಹಗಲು ದೀಪ ಕಡ್ಡಾಯ ಮಾಡಿದ್ದು ಅಲ್ಲಿನ ಮಂಕು ಬೆಳಕಿನಲ್ಲಿ. ಆದರೆ ಮಲೇಷ್ಯಾ ಎಲ್ಲಿದೆ? ಭೂಮಧ್ಯರೇಖೆಯ ಮಗ್ಗುಲಲ್ಲಿ. ಅಲ್ಲಿ ಬಿಸಿಲೂ ನಮ್ಮಂತೆಯೇ, ಬೈಕುಗಳ ಸಂತೆಯೂ ನಮ್ಮಂತೆಯೇ. 1992ರಲ್ಲಿ ಅವರು ಬೈಕುಗಳಿಗೆ ಹಗಲು ದೀಪದ ನಿಯಮ ತಂದರು. ಬೈಕು ಕಣ್ಣಿಗೆ ಬೀಳದೆ ಆಗುವಂಥ ಅಪಘಾತಗಳು ಸುಮಾರು 29 ಪ್ರತಿಶತ ಇಳಿದವೆಂದು ಅಲ್ಲಿನ ಸಂಶೋಧಕರು ಲೆಕ್ಕ ಹಾಕಿದರು.

ಎದುರು ಪಕ್ಷದ ಪುರಾವೆಯನ್ನೂ ಮುಚ್ಚಿಡುವುದಿಲ್ಲ. ಕಾರು ಮತ್ತು ಸಣ್ಣ ಟ್ರಕ್ಕುಗಳ ಹಗಲು ದೀಪದಿಂದ ಒಟ್ಟಾರೆ ಎದ್ದು ಕಾಣುವಂಥ ಲಾಭವಿಲ್ಲವೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ 2008ರ ಅಧ್ಯಯನ ಹೇಳಿತು. ಆಸ್ಟ್ರಿಯಾ 2005ರಲ್ಲಿ ಎಲ್ಲ ವಾಹನಗಳಿಗೂ ನಿಯಮ ತಂದು 2008ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಎಲ್ಲರೂ ದೀಪ ಹಚ್ಚಿದರೆ ಬೈಕಿನ ದೀಪ ಆ ಗುಂಪಿನಲ್ಲಿ ಕಳೆದುಹೋದೀತೆಂಬ ಭಯ ಯುರೋಪಿನ ಬೈಕು ಸವಾರರಿಗೆ ಮೊದಲಿನಿಂದಲೂ ಇತ್ತು. ಇವುಗಳಿಂದ ಸಿದ್ಧವಾಗುವುದೇನು? ಕಾರಿನವರು ದೀಪ ಹಚ್ಚದಿದ್ದರೂ ನಡೆದೀತು, ಬೈಕಿನವನು ಆರಿಸಕೂಡದು.

ಪೆಟ್ರೋಲು ಹೆಚ್ಚು ತಿನ್ನುತ್ತದೆ ಎನ್ನುವ ಲೆಕ್ಕಿಗರೂ ಇದ್ದಾರೆ. ಮೂವತ್ತೈದು ವ್ಯಾಟಿನ ಬಲ್ಬು ಒಂದು ಗಂಟೆ ಉರಿದರೆ ತಗಲುವ ಪೆಟ್ರೋಲು ಕಾಫಿ ಲೋಟದ ತಳವನ್ನು ಮುಚ್ಚಬಹುದು. ಎಲ್‌ಇಡಿ ದೀಪಕ್ಕೆ ಅದೂ ಬೇಡ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸದೆ ನಿಲ್ಲುವ ಮಹಾಶಯರು ಈ ವಾದ ಹೂಡುವುದು ಸೋಜಿಗ.

ಇನ್ನೊಂದು ಕಾಟವುಂಟು. ಹಗಲು ದೀಪ ಹಚ್ಚಿಕೊಂಡು ಹೋದರೆ ಎದುರು ಬರುವವನು ಬೆರಳುಗಳನ್ನು ಬಿಚ್ಚಿ ಮುಚ್ಚಿ ಸನ್ನೆ ಮಾಡುತ್ತಾನೆ. ಪಕ್ಕದಲ್ಲಿ ಹೋಗುವವನು "ಲಾಯಿಟ್ ಚಾಲೂ ಆಹೇ" ಎಂದು ಕೂಗುತ್ತಾನೆ. ಪಾಪ, ಉಪಕಾರ ಬುದ್ಧಿಯೇ. ನಮ್ಮವರಿಗೆ ಅಷ್ಟಕ್ಕೇ ನಾಚಿಕೆಯಾಗಿ ಮೆಕ್ಯಾನಿಕ್ಕಿನ ಬಳಿ ಓಡುತ್ತಾರೆ! ಅವನಿಗೆ ಕಂಡಿರಿ ಎಂದಲ್ಲವೇ ಅದರ ಅರ್ಥ?

ಹಾಗೆಂದು ಹಗಲೂ ರಾತ್ರಿ ಹೈ ಬೀಮ್ ಹಾಕಿಕೊಂಡು, ಅಂಗಡಿಯಲ್ಲಿ ಕೊಂಡ ಕಣ್ಣು ಕುಕ್ಕುವ ಬಿಳಿಯ ದೀಪಗಳನ್ನು ಜೋಡಿಸಿಕೊಂಡು ತಿರುಗುವ ತರುಣರನ್ನು ನಾವು ಸಮರ್ಥಿಸುವುದಿಲ್ಲ. ಅವರು ಈ ದೀಪಕ್ಕೇ ಕೆಟ್ಟ ಹೆಸರು ತಂದವರು. ದೀಪ ಕೆಳಮುಖವಾಗಿರಬೇಕು, ಗಾಜು ಒರೆಸಿರಬೇಕು. ಸಾಕು.

ಈ ವಾದದಲ್ಲಿ ಯಾರೂ ನೆನೆಯದವರೆಂದರೆ ಊರಿನಿಂದ ಬಂದು ನಮ್ಮೊಡನೆ ನಾಲ್ಕು ತಿಂಗಳು ಇರುವ ತಂದೆತಾಯಿಗಳು. ವಿಜಾಪುರದ ಕಡೆಯ ಹಳ್ಳಿಯಲ್ಲಿ ಎಪ್ಪತ್ತು ವರ್ಷ ಕಳೆದ ಅಜ್ಜಿ, ಪೊರೆ ಬಂದ ಕಣ್ಣಿನಲ್ಲಿ, ಮೊಮ್ಮಗುವಿನ ಕೈ ಹಿಡಿದು ಇಲ್ಲಿನ ರಸ್ತೆ ದಾಟಬೇಕು. ಬಸ್ಸು ಅವಳಿಗೆ ಕಾಣುತ್ತದೆ, ಸದ್ದೂ ಕೇಳುತ್ತದೆ. ಬಸ್ಸಿನ ಹಿಂದಿನಿಂದ ನುಗ್ಗುವ ಸ್ಕೂಟರು ಅವಳಿಗೆ ಕಾಣಬೇಕಾದರೆ ಆ ದೀಪವೊಂದೇ ಗತಿ. ನೀವು ವೈರು ಕತ್ತರಿಸಿದಾಗ ನಿಮ್ಮ ಪ್ರಾಣದ ಜೊತೆ ಅವಳ ಪ್ರಾಣವನ್ನೂ ಪಣಕ್ಕಿಟ್ಟಿರಿ.

ನಮ್ಮ ಬಳಗದ ಹುಡುಗನೊಬ್ಬ ದಸರೆಗೆಂದು ಬೈಕಿನಲ್ಲೇ ಬೆಳಗಾವಿಗೆ ಹೊರಟವನು ಸಾತಾರ ದಾಟಿದ ಮೇಲೆ ಹೆದ್ದಾರಿಗೆ ತಿರುಗಿದ ಕಾರಿಗೆ ಡಿಕ್ಕಿ ಹೊಡೆದ. ಹಾಡಹಗಲು, ಒಣರಸ್ತೆ. ಆರು ತಿಂಗಳು ಮಂಚ ಹಿಡಿದ, ಇಂದಿಗೂ ಕುಂಟುತ್ತಾನೆ. ಕಾರಿನವನು ಅದೇ ಮಾತು ಹೇಳಿದ. ಆಮೇಲೆ ನಾವು ಗಾಡಿ ನೋಡಲು ಹೋದಾಗ ಹಿಡಿಕೆಯ ಕೆಳಗೆ ಸ್ವಿಚ್ಚು ಇತ್ತು. ಆ ದಿನ ಅದು ಯಾವ ಕಡೆಗಿತ್ತೆಂದು ಅವನ ತಾಯಿಯ ಮುಂದೆ ಕೇಳುವ ಧೈರ್ಯ ನಮಗಾಗಲಿಲ್ಲ.

ಯುಗಾದಿ ಕಾರ್ಯಕ್ರಮದ ದಿನ ಸಭಾಂಗಣದ ಹೊರಗೆ ಒಬ್ಬ ಮೆಕ್ಯಾನಿಕ್ಕನ್ನು ಕೂರಿಸಬೇಕೆಂದು ಸಂಘದ ಕಾರ್ಯಕಾರಿ ಸಮಿತಿಗೆ ಬರೆದಿದ್ದೇವೆ. ಸ್ವಿಚ್ಚು ಕಿತ್ತು ವೈರು ಮೊದಲಿನಂತೆ ಜೋಡಿಸಲು ಹೆಚ್ಚು ಹೊತ್ತು ಬೇಡ. ಸಮಿತಿಗೆ ಖರ್ಚಿನ ಚಿಂತೆ ಬೇಡ, ಕೂಲಿ ನಾವು ಕೊಡುತ್ತೇವೆ. ಬೇವು ಬೆಲ್ಲ ತಿನ್ನುವ ಮೊದಲು ಗಾಡಿಯನ್ನು ಅವನ ಮುಂದೆ ನಿಲ್ಲಿಸಿ ಒಳಗೆ ಬನ್ನಿ.